ಅವರ ಕುರ್ಚಿಯಲ್ಲಿ ಈಗ ಯಾರು?

ಪ್ರಶ್ನೆ: ನಾನು ಶಿರಸಿಯ ಒಂದು ಅಡಿಕೆ ವ್ಯವಹಾರದ ಸಂಘದಲ್ಲಿ ಗುಮಾಸ್ತೆ. ಹನ್ನೊಂದು ಜನರ ಕಚೇರಿ. ಆಷಾಢದ ಮಳೆಯಲ್ಲಿ ನಮ್ಮ ಕ್ಯಾಷಿಯರ್ ಹೃದಯಾಘಾತದಿಂದ ತೀರಿಕೊಂಡರು. ಐವತ್ತೂ ಆಗಿರಲಿಲ್ಲ. ಬಂದವರ ಮುಂದೆಲ್ಲ ಕವಳದ (ಎಲೆ-ಅಡಿಕೆಯ) ಸಂಚಿ ಸರಿಸಿ ಮಾತಾಡಿಸುತ್ತಿದ್ದ ಮನುಷ್ಯ. ಮರುವಾರವೇ ಮ್ಯಾನೇಜರ್ ಆ ಕುರ್ಚಿಯಲ್ಲಿ ಹೊಸ ಹುಡುಗನನ್ನು ಕೂರಿಸಿದರು. ಫೋಟೊ ಇಟ್ಟು ಹಾರ ಹಾಕೋಣ ಎಂದು ಕೆಲವರು, ವ್ಯವಹಾರದ ಜಾಗದಲ್ಲಿ ಬೇಡ ಎಂದು ಕೆಲವರು. ಅವರ ಹೆಂಡತಿ ಕಾಗದಪತ್ರಕ್ಕೆ ಬಂದರೆ ನಾವೆಲ್ಲ ಕಂಪ್ಯೂಟರ್ ನೋಡುತ್ತ ಕೂರುತ್ತೇವೆ. ಏನು ಮಾಡಬೇಕು?

ಉತ್ತರ: ಫೋಟೊ ಜಗಳ ಸ್ವಲ್ಪ ಬದಿಗಿಡಿ ತಂಗಿ. ನಿಮ್ಮ ಮ್ಯಾನೇಜರ್ ಕುರ್ಚಿಗೆ ಮಾಡಿದ ಅವಸರವನ್ನು ಕಾಗದಕ್ಕೆ ಮಾಡಿದ್ದಾರೆಯೇ? ಆ ಹೆಂಗಸು ಪದೇ ಪದೇ ಬರಬೇಕಾಗಿದೆ ಎಂದರೆ ಮಾಡಿಲ್ಲ ಎಂದೇ ನನ್ನ ಲೆಕ್ಕ. ಲೆಕ್ಕಪತ್ರದಲ್ಲೇ ನೌಕರಿ ಮುಗಿಸಿದವಳು ನಾನು, ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮಲ್ಲಿ ಪಿಎಫ್ ಇದ್ದರೆ ಮೂರು ಬೇರೆ ಬೇರೆ ಹಣ ಬರಬೇಕು: ಕೂಡಿಟ್ಟ ಪಿಎಫ್, ಹೆಂಡತಿ ಮಕ್ಕಳಿಗೆ ತಿಂಗಳ ಪಿಂಚಣಿ, ಮತ್ತೆ ಇಡಿಎಲ್‌ಐ ಎಂಬ ವಿಮೆ. ಈ ಮೂರನೆಯದು ಗರಿಷ್ಠ 7 ಲಕ್ಷದವರೆಗೆ ಸಿಗುತ್ತದೆ. ಇದರ ಕಂತನ್ನು ಮಾಲೀಕರೇ ಕಟ್ಟುತ್ತಾರೆ, ನೌಕರನ ಸಂಬಳದಿಂದ ಹಿಡಿಯುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಿಗೆ ಇಂಥದೊಂದು ಇರುವುದೇ ಗೊತ್ತಿರುವುದಿಲ್ಲ. ಗ್ರಾಚ್ಯುಟಿಗೆ, ಅಂದರೆ ಸೇವೆಯ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡುಗಂಟಿಗೆ, ಐದು ವರ್ಷ ಸೇವೆ ಆಗಿರಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಸೇವೆಯಲ್ಲಿದ್ದಾಗಲೇ ತೀರಿಕೊಂಡವರಿಗೆ ಆ ಷರತ್ತಿಲ್ಲ. ಇನ್ನೊಂದು: ಅವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇ ಕೊನೆಯ ಹೊತ್ತಿಗೆ 436 ರೂಪಾಯಿ ಕಡಿತ ಆಗಿದೆಯೇ ನೋಡಿ. ಆಗಿದ್ದರೆ ಅದು ಬಹುತೇಕ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ನಾಮಿನಿಗೆ 2 ಲಕ್ಷ ಬರುತ್ತದೆ, ಅದೂ ಕೇಳಿದರೆ ಮಾತ್ರ.

ಇಷ್ಟನ್ನೂ ಒಬ್ಬರೇ ವಹಿಸಿಕೊಳ್ಳಲಿ. ‘ಎಲ್ಲರೂ ಸೇರಿ ಮಾಡೋಣ’ ಎಂದರೆ ಯಾರೂ ಮಾಡುವುದಿಲ್ಲ, ಸಂಘದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅರ್ಜಿ ತುಂಬಿ, ಸಹಿ ಎಲ್ಲಿ ಬೇಕೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅವರ ಮನೆಗೇ ಒಯ್ಯಿರಿ. ಅವರಾಗಿಯೇ ಕಚೇರಿಗೆ ಬಂದ ದಿನ ಎದ್ದು ನಿಂತು, ಕೂರಿಸಿ, ಮೊದಲು ಆಸರಿಗೆ, ಕುಡಿಯಲು ಏನಾದರೂ, ಕೊಡಿ. ಏನು ಮಾತಾಡಲಿ ಎಂಬ ಚಿಂತೆ ಬೇಡ. ಅವರ ಗಂಡ ಈ ಕಚೇರಿಯಲ್ಲಿ ಹೇಗಿದ್ದರು ಎಂಬುದು ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಆ ಕವಳದ ಸಂಚಿಯ ಸುದ್ದಿಯನ್ನೇ ಹೇಳಿ. ಅತ್ತರೆ ಅಳಲಿ. ‘ಧೈರ್ಯ ತಂದುಕೊಳ್ಳಿ, ಮಕ್ಕಳ ಮುಖ ನೋಡಿ’ ಎನ್ನುವವರು ಮನೆಯ ಜಗಲಿ ತುಂಬ ಬಂದು ಹೋಗಿರುತ್ತಾರೆ.

ನಿಮಗೆ ಇನ್ನೂ ಹೊಳೆಯದ ಒಂದು ಕಷ್ಟ ಮುಂದಿದೆ. ಮಳೆಗಾಲದಲ್ಲಿ ಬೆಳೆಗಾರರು ಪೇಟೆಗೆ ಬರುವುದು ಕಡಿಮೆ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸುವುದರಲ್ಲೇ ಇರುತ್ತಾರೆ. ಕೊಯ್ಲು ಮುಗಿದು ಅಡಿಕೆ ಒಣಗಿದ ಮೇಲೆ ಸಿದ್ದಾಪುರದ ಕಡೆಯಿಂದ, ಯಲ್ಲಾಪುರದ ಕಡೆಯಿಂದ ಒಬ್ಬೊಬ್ಬರೇ ಬರುತ್ತಾರೆ. ಬಂದವರೆಲ್ಲ ಕೌಂಟರಿನಲ್ಲಿ ಕೇಳುವ ಮೊದಲ ಮಾತು, ‘ಅವರೆಲ್ಲಿ, ರಜೆಯೋ?’ ನೀವು ಸುಧಾರಿಸಿಕೊಂಡೆವು ಎಂದುಕೊಳ್ಳುವ ಹೊತ್ತಿಗೆ ಸಾವಿನ ಸುದ್ದಿಯನ್ನು ದಿನಾ ಹೊಸದಾಗಿ ಹೇಳಬೇಕು. ಅದನ್ನು ಆ ಹೊಸ ಹುಡುಗನ ತಲೆಗೆ ಕಟ್ಟಬೇಡಿ. ಅವನು ಆ ಮನುಷ್ಯನನ್ನು ಕಂಡೇ ಇಲ್ಲ, ಆದರೂ ‘ಅವರಿದ್ದಾಗ ಹೀಗಿರಲಿಲ್ಲ ಮಾರಾಯ’ ಎಂಬುದನ್ನೆಲ್ಲ ಕೇಳಬೇಕಾದವನು ಅವನೇ. ಹಳಬರೊಬ್ಬರು ಈ ಸೀಸನ್ ಮಟ್ಟಿಗೆ ಅವನ ಪಕ್ಕದ ಮೇಜಿಗೆ ಬರಲಿ. ‘ತೀರಿಕೊಂಡರು, ಆಷಾಢದಲ್ಲಿ, ಹಾರ್ಟ್ ಅಟ್ಯಾಕ್’ ಎಂದು ನೇರ ಹೇಳಲಿ. ‘ಈಗಿಲ್ಲ’ ಎಂದರೆ ವರ್ಗಾವಣೆಯೋ ಎಂದು ಮತ್ತೆ ಕೇಳುತ್ತಾರೆ.

ಫೋಟೊ? ಹೆಂಡತಿಯನ್ನು ಕೇಳಿ, ಅವರು ಬೇಡ ಎಂದರೆ ಮುಗಿಯಿತು. ಹೂಂ ಎಂದರೆ ಮೀಟಿಂಗ್ ಕೋಣೆಯಲ್ಲಿ ಹಾಕಿ, ಕೌಂಟರಿನ ಮೇಲೆ ಬೇಡ. ಹಾರ ಒಣಗಿ ಜೇಡ ಬಲೆ ಕಟ್ಟಿದ ಫೋಟೊಗಳನ್ನು ಎಷ್ಟು ಕಚೇರಿಗಳಲ್ಲಿ ನೋಡಿಲ್ಲ ನಾನು! ಅದಕ್ಕಿಂತ ವರ್ಷದ ತಿಥಿಗೆ ನಾಲ್ಕು ಜನ ಅವರ ಮನೆಗೆ ಹೋಗಿ ಎಲೆ ಮುಂದೆ ಕೂತು ಬರುವುದು ಮೇಲು.

ನಿಮ್ಮಲ್ಲೇ ಯಾರಾದರೂ ತಿಂಗಳುಗಳಾದರೂ ನಿದ್ದೆಯಿಲ್ಲದೆ, ಊಟ ಸೇರದೆ ಇದ್ದರೆ, ಮುಖ್ಯವಾಗಿ ಆ ದಿನ ಅವರನ್ನು ಆಸ್ಪತ್ರೆಗೆ ಒಯ್ದವರು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಲಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ಕಾರವಾರದಲ್ಲಿ ನಮ್ಮ ಸಹೋದ್ಯೋಗಿ ತೀರಿಕೊಂಡು ಆರು ತಿಂಗಳಾಯಿತು. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ನಂಬರ್ ಇನ್ನೂ ಇದೆ. ತೆಗೆಯಲು ಯಾರಿಗೂ ಮನಸ್ಸಿಲ್ಲ.

ಉತ್ತರ: ಆ ಫೋನ್ ಈಗ ಮನೆಯಲ್ಲಿ ಯಾರ ಕೈಯಲ್ಲಿದೆ ಎಂದು ಮೊದಲು ವಿಚಾರಿಸಿ. ಮಗನ ಕೈಯಲ್ಲಿದ್ದರೆ, ನಿಮ್ಮ ಶುಕ್ರವಾರದ ಮೀನೂಟದ ಪ್ಲ್ಯಾನು, ಬಡ್ತಿಯ ಜಗಳ, ಎಲ್ಲವನ್ನೂ ಆ ಹುಡುಗ ಓದುತ್ತಿದ್ದಾನೆ. ಮನೆಯವರಿಗೆ ಒಂದು ಮಾತು ಹೇಳಿ, ಗುಂಪಿನಲ್ಲಿ ಅವರು ಹಾಕಿದ್ದ ಫೋಟೊಗಳನ್ನೆಲ್ಲ ಒಟ್ಟು ಮಾಡಿ ಅವರಿಗೆ ಕಳಿಸಿ, ಆಮೇಲೆ ನಂಬರ್ ತೆಗೆಯಿರಿ. ರೀಚಾರ್ಜ್ ನಿಂತ ನಂಬರನ್ನು ಕಂಪನಿಯವರು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುವುದುಂಟು, ಅಷ್ಟರೊಳಗೇ ಈ ಕೆಲಸ ಆಗಲಿ.