ಹಳೇ ಜೀಪಿಗೆ ಡಿಸ್ಕ್ ಬ್ರೇಕ್ ಹಾಕಿಸಲಾ?

ಪ್ರಶ್ನೆ: ನಮ್ಮ ತೋಟದಲ್ಲಿ ಅಪ್ಪನ ಕಾಲದ ಸಿಜೆ3ಬಿ ಜೀಪಿದೆ. ಪೆಡಲ್ ಎರಡು ಮೂರು ಸಲ ಒತ್ತಿದರೇನೇ ಬ್ರೇಕ್ ಹಿಡಿಯುತ್ತದೆ. ಡಿಸ್ಕ್ ಹಾಕಿಸಲಾ ಸಾರ್?

ಉತ್ತರ: ಸ್ವಲ್ಪ ತಡೆಯಿರಿ. ಒತ್ತಿ ಒತ್ತಿ ಬ್ರೇಕ್ ಸಿಗುತ್ತಿದೆ ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿಗೂ ಅದನ್ನು ಒಳಗಿಂದ ಒತ್ತಿ ಹಿಡಿಯುವ ಶೂಗೂ ಗ್ಯಾಪ್ ಜಾಸ್ತಿಯಾಗಿರಬಹುದು, ಇಲ್ಲವೇ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಸೇರಿರಬಹುದು. ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿ ಶೂ ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆಯಾ ನೋಡಿ, ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಯೋಚಿಸದೆ ಬದಲಿಸಿ. ಬ್ರೇಕ್ ಆಯಿಲ್ ನೀರಿನಂಶ ಹೀರುತ್ತದೆ, ಘಾಟಿ ಇಳಿಯುವಾಗ ಅದು ಕುದಿದು ಪೆಡಲ್ ನೆಲಕ್ಕೇ ಹೋಗಿಬಿಡಬಹುದು.

ದುಡ್ಡು ಹಾಕುವುದಾದರೆ ಡಿಸ್ಕಿಗಿಂತ ಮೊದಲು ಡಬಲ್ ಸರ್ಕ್ಯೂಟ್ ಮಾಸ್ಟರ್ ಸಿಲಿಂಡರಿಗೆ ಹಾಕಿ, ಅಂದರೆ ಪೆಡಲ್ ಒತ್ತಿದಾಗ ಎರಡು ಬೇರೆ ಬೇರೆ ಲೈನಿಗೆ ಆಯಿಲ್ ತಳ್ಳುವಂಥದ್ದು. ಈಗಿರುವುದು ಒಂದೇ ಸರ್ಕ್ಯೂಟ್, ಒಂದು ಪೈಪ್ ಒಡೆದರೂ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಆಮೇಲೆ ಬೇಕಾದರೆ ಮುಂದಕ್ಕೆ ಡಿಸ್ಕ್, ಆದರೆ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ನಿಮ್ಮ ವೀಲಿನೊಳಗೆ ಕೂರುತ್ತದಾ ಅಂತ ಅಳೆದು ನೋಡಿಯೇ ತನ್ನಿ.

ಇನ್ನೊಂದು, ಹ್ಯಾಂಡ್‌ಬ್ರೇಕನ್ನೇ ನಂಬಿ ಜಾಕ್ ಹಾಕಬೇಡಿ. ಅದು ಹಿಡಿಯುವುದು ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು, ಚಕ್ರವನ್ನಲ್ಲ. ಹಿಂದಿನ ಒಂದು ಚಕ್ರ ಮೇಲೆದ್ದರೆ, ಎರಡು ಚಕ್ರ ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಶಿಯಲ್ ತಿರುಗಿ ಗಾಡಿ ಉರುಳಬಹುದು. ಚಕ್ರಕ್ಕೆ ಕಲ್ಲು ಕೊಡಿ.