ಅದು ಅದೃಷ್ಟವಲ್ಲ, ನಾಲ್ಕು ವರ್ಷದ ಕೆಲಸ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ವೈ.ವಿ. ರೆಡ್ಡಿ 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನಿಂದ ನಮ್ಮ ಬ್ಯಾಂಕುಗಳನ್ನು ಕಾಪಾಡಿದರು ಅಂತ ಕಳೆದ ಸಂಚಿಕೆಯಲ್ಲಿ ತುಂಬಾ ಹೊಗಳಿದ್ದೀರಿ. 2004ರಲ್ಲಿ ನಾನು ಶೇ. 8ಕ್ಕೆ ತೆಗೆದ ಮನೆ ಸಾಲದ ಬಡ್ಡಿ 2008ಕ್ಕೆ ಶೇ. 11.5 ಆಯಿತು. 15 ವರ್ಷದ ಕಂತು 20 ದಾಟಿತು. ಅಮೆರಿಕದ ಬ್ಯಾಂಕ್ ಮುಳುಗಿದ್ದು ರೆಡ್ಡಿ ನಿವೃತ್ತರಾದ ಮೇಲೆ. ಅದೃಷ್ಟವನ್ನೇ ಜಾಣತನ ಅನ್ನುತ್ತೀರಲ್ಲ? ಕರ್ನಾಟಕಕ್ಕೆ ಅವರಿಂದ ಏನಾಯಿತು ಅಂತಲೂ ಹೇಳಿ."

ಸಂಪಾದಕರ ಉತ್ತರ:

ನಿಮ್ಮ ಕಂತಿನ ಮಾತು ನಿಜ. ಬಡ್ಡಿ ಏರಿದಾಗ ಅದರ ಭಾರ ಹೊತ್ತವರು ನಿಮ್ಮಂಥ ಸಂಬಳದವರು. ನಮ್ಮ ಲೇಖನದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ನಮ್ಮ ತಪ್ಪು.

ಆದರೆ ಅದೃಷ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ. ರೆಡ್ಡಿ ಹುದ್ದೆ ಬಿಟ್ಟಿದ್ದು 2008ರ ಸೆಪ್ಟೆಂಬರ್ 5ಕ್ಕೆ. ನೀವು ಹೇಳಿದ ಅಮೆರಿಕದ ಬ್ಯಾಂಕ್, ಲೇಮನ್ ಬ್ರದರ್ಸ್, ಮುಳುಗಿದ್ದು ಸೆಪ್ಟೆಂಬರ್ 15ಕ್ಕೆ. ಈ ಹತ್ತು ದಿನ ನೋಡಿದರೆ ಅದೃಷ್ಟ ಅನ್ನಿಸುತ್ತದೆ. ಅದಕ್ಕಿಂತ ಹಿಂದಿನ ನಾಲ್ಕು ವರ್ಷ ನೋಡಿ.

ನಿಮ್ಮ ಮನೆ ಸಾಲದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬ್ಯಾಂಕ್ 20 ಲಕ್ಷ ಸಾಲ ಕೊಟ್ಟರೆ, ಅದು ಮುಳುಗಿದರೂ ತಡೆದುಕೊಳ್ಳಲು ತನ್ನ ಸ್ವಂತ ಬಂಡವಾಳದಲ್ಲಿ ಒಂದಿಷ್ಟು ಎತ್ತಿಡಬೇಕು. ಮೊದಲು ಮನೆ ಸಾಲದ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅದರ ಶೇ. 9, ಅಂದರೆ 90,000 ರೂಪಾಯಿ ಇಟ್ಟರೆ ಸಾಕಿತ್ತು. 2004ರ ಕೊನೆಗೆ ರೆಡ್ಡಿ ಆ ಅರ್ಧವನ್ನು ಮುಕ್ಕಾಲು ಮಾಡಿದರು. ಆಗ 1,35,000 ಇಡಬೇಕಾಯಿತು. ಅಂಗಡಿ, ಮಾಲ್, ಕಚೇರಿ ಕಟ್ಟಡಗಳ ಸಾಲಕ್ಕೆ ಇದೇ ಲೆಕ್ಕ ಶೇ. 100, ಅಂದರೆ ಪೂರ್ತಿ ಸಾಲದಷ್ಟು ಇದ್ದದ್ದು 2006ರ ಹೊತ್ತಿಗೆ 150, ಅಂದರೆ ಸಾಲದ ಒಂದೂವರೆ ಪಟ್ಟು ಆಯಿತು. ಸಾಲ ಕೊಡಬೇಡಿ ಅಂತ ಅವರು ಹೇಳಲಿಲ್ಲ. ಕೊಡುವವರು ಎರಡು ಸಲ ಯೋಚಿಸುವ ಹಾಗೆ ಮಾಡಿದರು, ಅಷ್ಟೇ. 2007ರಲ್ಲಿ 20 ಲಕ್ಷದವರೆಗಿನ ಮನೆ ಸಾಲಕ್ಕೆ ಮತ್ತೆ ಅರ್ಧಕ್ಕೇ ಇಳಿಸಿದರು. ಸಣ್ಣ ಸಾಲಗಾರರು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ ಅನ್ನೋಕಾಗಲ್ಲ.

ಇನ್ನೊಂದು ಸಿಆರ್‌ಆರ್. ನಾವು ಬ್ಯಾಂಕಿನಲ್ಲಿಡುವ ಪ್ರತಿ 100 ರೂಪಾಯಿಯಲ್ಲಿ ಇಷ್ಟು ಅಂತ ರಿಸರ್ವ್ ಬ್ಯಾಂಕಿನಲ್ಲಿ ಕೂಡಿಡಬೇಕಾದ ಹಣ. ರೆಡ್ಡಿ ಬಂದಾಗ ಅದು ನಾಲ್ಕೂವರೆ ರೂಪಾಯಿ, ಹೋಗುವಾಗ 9. ಬಿಲ್ಡರುಗಳು ಸಿಡಿಮಿಡಿಗೊಂಡರು, ಬ್ಯಾಂಕಿನವರೂ ಗೊಣಗಿದರು. ಬೆಳವಣಿಗೆಗೆ ಅಡ್ಡಗಾಲು ಅಂತ ಬರೆದವರೂ ಇದ್ದರು. ಬಿಕ್ಕಟ್ಟು ಬಂತು ನೋಡಿ, ಮುಂದಿನ ಗವರ್ನರ್ ಡಿ. ಸುಬ್ಬರಾವ್ 2009ರ ಜನವರಿಯೊಳಗೆ ಅದನ್ನು 5ಕ್ಕೆ ಇಳಿಸಿ ಬ್ಯಾಂಕುಗಳ ಕೈಗೆ ಹಣ ಹರಿಸಿದರು. ಮೊದಲೇ ಕೂಡಿಟ್ಟಿದ್ದಕ್ಕೆ ತಾನೇ ಬಿಡಲು ಆಗಿದ್ದು? ಎಲ್ಲವೂ ಒಬ್ಬರಿಂದಲೇ ಆಯಿತು ಅಂತಲ್ಲ. ನಮ್ಮ ಬ್ಯಾಂಕುಗಳಲ್ಲಿ ಬಹುಪಾಲು ಸರ್ಕಾರದವು, ಅಮೆರಿಕದಲ್ಲಿ ಮುಳುಗಿದ ಮನೆ ಸಾಲಗಳನ್ನು ನೆಚ್ಚಿದ ಸಾಲಪತ್ರಗಳನ್ನು ಜಾಸ್ತಿ ಕೊಂಡಿರಲಿಲ್ಲ. ಅದೂ ನಮ್ಮನ್ನು ಕಾಯಿತು.

ಯಾರಿಗೂ ಬೇಡದ ಮಾತನ್ನು ಬೇಗ ಹೇಳುವುದು ರೆಡ್ಡಿ ಅವರಿಗೆ ಹಳೆಯ ಅಭ್ಯಾಸ. ಕಡಪ ಜಿಲ್ಲೆಯಲ್ಲಿ ಹುಟ್ಟಿ, ಅರ್ಥಶಾಸ್ತ್ರ ಓದಿ, 1964ರಲ್ಲಿ ಐಎಎಸ್ ಸೇರಿದವರು. 1991ರಲ್ಲಿ ದೇಶ ಚಿನ್ನ ಅಡವಿಟ್ಟಾಗ ಹಣಕಾಸು ಸಚಿವಾಲಯದಲ್ಲಿ ವಿದೇಶಿ ಪಾವತಿಯ ವಿಭಾಗದಲ್ಲೇ ಇದ್ದರು. ಬೊಕ್ಕಸ ಬರಿದಾದರೆ ಹೇಗಿರುತ್ತದೆ ಅಂತ ಹತ್ತಿರದಿಂದ ಕಂಡವರು. 1997ರ ಆಗಸ್ಟ್‌ನಲ್ಲಿ, ಡೆಪ್ಯುಟಿ ಗವರ್ನರ್ ಆಗಿದ್ದಾಗ, ಗೋವಾದಲ್ಲಿ ವಿದೇಶಿ ವಿನಿಮಯದ ಡೀಲರುಗಳ ಮುಂದೆ ನಿಂತು ರೂಪಾಯಿಯ ಬೆಲೆ ಇರಬೇಕಾದ್ದಕ್ಕಿಂತ ಮೇಲಿದೆ ಅನ್ನುವ ಅರ್ಥ ಬರುವಂತೆ ಮಾತಾಡಿದರು. ರೂಪಾಯಿ ಇಳಿಯಿತು. ಬೈಗುಳವೂ ಬಂತು. ಆದರೆ ಅಷ್ಟು ಹೊತ್ತಿಗೆ ಥಾಯ್ಲೆಂಡಿನ ನಾಣ್ಯ ಕುಸಿದಿತ್ತು, ಪೂರ್ವ ಏಷ್ಯಾದ ದೇಶಗಳು ಒಂದೊಂದಾಗಿ ಅಲುಗಾಡುತ್ತಿದ್ದವು. ರೂಪಾಯಿಯನ್ನು ಮೊದಲೇ ಸ್ವಲ್ಪ ಇಳಿಯಬಿಟ್ಟದ್ದು ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ.

ಇನ್ನು ಕರ್ನಾಟಕದ ಪ್ರಶ್ನೆ. ರೆಡ್ಡಿ 14ನೇ ಹಣಕಾಸು ಆಯೋಗದ ಅಧ್ಯಕ್ಷರಾಗಿದ್ದರು. ಕೇಂದ್ರದ ತೆರಿಗೆಯಲ್ಲಿ ಎಲ್ಲ ರಾಜ್ಯಗಳ ಪಾಲು ಶೇ. 32 ಇದ್ದದ್ದು ಅವರ ವರದಿಯಿಂದ 42 ಆಯಿತು. ಅದರೊಳಗೆ ನಮ್ಮ ರಾಜ್ಯದ ಪಾಲೂ ಹಿಂದಿನ ಶೇ. 4.328ರಿಂದ 4.713ಕ್ಕೆ ಏರಿತು. ಆಮೇಲೆ ನಾವು ಸಂಕಟಪಟ್ಟ ಶೇ. 3.647 ಅನ್ನುವ ಲೆಕ್ಕ 15ನೇ ಆಯೋಗದ್ದು. ಆ ಸಿಟ್ಟನ್ನು ರೆಡ್ಡಿ ಅವರ ಮೇಲೆ ಹಾಕಬೇಡಿ.