ಹಾರ್ನ್ ಬಾಕ್ಸಿನಲ್ಲಿ ಬಾಸ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: 15 ಇಂಚಿನ ಸ್ಪೀಕರ್‌ಗೆ ಮಡಚಿದ ಹಾರ್ನ್ ಬಾಕ್ಸ್ (ಕಹಳೆಯಂತೆ ಅಗಲವಾಗುತ್ತಾ ಹೋಗುವ ದಾರಿಯನ್ನು ಒಳಗೇ ಮಡಚಿದ ಪೆಟ್ಟಿಗೆ) ಮಾಡಿದ್ದೇನೆ. ಒಳದಾರಿ 1.4 ಮೀಟರ್. ಗಣಪತಿ ಪೆಂಡಾಲಿನಲ್ಲಿ ಬಾಸ್ ಕಡಿಮೆ ಬಂತು, ಜೊತೆಗೆ ಗುರ್ ಅನ್ನುವ ಸದ್ದು. ಈಕ್ವಲೈಸರ್‌ನಲ್ಲಿ ಬಾಸ್ ಜಾಸ್ತಿ ಮಾಡಲೇ?
– ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ಮಾಡಬೇಡಿ. ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಹೋಗುತ್ತದೆ. ನಿಮ್ಮ 1.4 ಮೀಟರ್ ದಾರಿ ಅಂದರೆ 61 ಹರ್ಟ್ಸ್ (ಸೆಕೆಂಡಿಗೆ 61 ಕಂಪನ) ಶಬ್ದದ ಅಲೆಯ ಉದ್ದದ ಕಾಲು ಭಾಗ. ಅದಕ್ಕಿಂತ ಕೆಳಗೆ ಹಾರ್ನ್ ಕೈಕೊಡುತ್ತದೆ, ಕೋನ್ (ಸ್ಪೀಕರಿನ ಅಲುಗುವ ಹಾಳೆ) ಸುಮ್ನೆ ಕುಣಿದು ಹಾಳಾಗುತ್ತದೆ. 55 ಹರ್ಟ್ಸ್‌ನ ಕೆಳಗಿನದನ್ನು ಕ್ರಾಸ್‌ಓವರ್‌ನಲ್ಲೇ (ಬಾಸ್ ಮತ್ತು ಮೇಲಿನ ಸ್ವರಗಳನ್ನು ಬೇರ್ಪಡಿಸುವ ಸಾಧನ) ಕತ್ತರಿಸಿ. 40 ಹರ್ಟ್ಸ್ ಬೇಕಾದರೆ ದಾರಿ 2.15 ಮೀಟರ್ ಬೇಕು, ಶಬ್ದ ಹೊರಬರುವ ಬಾಯಿಯೂ ದೊಡ್ಡದಾಗಬೇಕು. ಎರಡು ಬಾಕ್ಸ್ ಇದ್ದರೆ ಸ್ಟೇಜಿನ ಎರಡು ಕಡೆಗೆ ಹಂಚಬೇಡಿ. ಪಕ್ಕಪಕ್ಕ ಅಂಟಿಸಿ ನೆಲದ ಮೇಲೇ ಇಡಿ, ಆಗ ಎರಡು ಬಾಯಿ ಸೇರಿ ಒಂದಾಗುತ್ತದೆ. ಗೋಡೆಯ ಮೂಲೆ ಸಿಕ್ಕರೆ ಇನ್ನೂ ಒಳ್ಳೆಯದು. ಅಮೆರಿಕದ ಸ್ಪೀಕರ್ ತಯಾರಕ ಪಾಲ್ ಕ್ಲಿಪ್ಶ್ 1940ರ ದಶಕದಲ್ಲೇ ಕೋಣೆಯ ಮೂಲೆಯನ್ನು ಹಾರ್ನಿನ ಭಾಗ ಮಾಡಿಕೊಂಡಿದ್ದರು. ಎಂಥ ಚೆಂದದ ಯೋಚನೆ ಅಲ್ವಾ!

ಗುರ್ ಸದ್ದಿಗೆ ಕಾರಣ ಹೆಚ್ಚಾಗಿ ಗಾಳಿ ಸೋರಿಕೆ. ಚಿಕ್ಕಮಗಳೂರಿನ ನನ್ನ ಶೆಡ್ಡಿನಲ್ಲಿ 30 ಹರ್ಟ್ಸ್ ಸದ್ದನ್ನು ಸಣ್ಣಗೆ ಹಾಕಿ, ಸಂದುಗಳ ಹತ್ತಿರ ಊದುಬತ್ತಿ ಹಿಡಿಯುತ್ತೇನೆ. ಹೋದ ಮಳೆಗಾಲದಲ್ಲಿ ನೆಟ್ಟಗೆ ಏಳುತ್ತಿದ್ದ ಹೊಗೆ ಹಿಂಬದಿಯ ಮುಚ್ಚಳದ ಬಳಿ ಪಟಪಟ ನಡುಗಿತು. ನೋಡಿದರೆ ಒಂದು ಸ್ಕ್ರೂ ಸಡಿಲ. ಫೋಮ್ ಪಟ್ಟಿ ಅಂಟಿಸಿ ಬಿಗಿ ಮಾಡಿದೆ, ಸದ್ದು ನಿಂತಿತು. ಪ್ಲೈವುಡ್ 12 ಎಂಎಂ ಇದ್ದರೆ ಒಳಗೆ ಅಡ್ಡಪಟ್ಟಿಯನ್ನೂ ಕೊಡಿ.